ನಾಡಿ ನೋಡುವ ಕೀಲಿ

"ನಿಮ್ಮ ತಲಿಯಾಗ ಮೆದುಳ ಐತೇನ್ರಿ, ಇಲ್ಲಾ ಕಚೇರಿ ರದ್ದಿ ತುಂಬಿಕೊಂಡು ಬಂದೀರೇನು? ಆ ಹಿತ್ತಲ ಮನ್ಯಾಗ ಇರಾಕಿ ಕಸ್ತೂರಿ. ದಿನಾ ನಲವತ್ತು ಸಲ ಬಾಗಲಾ ತಗದು ಹಾಕಾಕಿ ಅಕಿ. ಕೀಲಿ ಆರಿಸೋರು ಮಾತ್ರ ನೀವು!"

"ಬಾಯಿ ಮುಚ್ಚು. ಮನಿ ಯಾರದು?" ಎಂದ ಶಿವಪುತ್ರಪ್ಪ ಹೆಂಡತಿಗೆ.

"ಮನಿ ನಿಮ್ಮದ. ಕೈ ಅಕಿದು."

ಕೀಲಿ ಕಂಪನಿಯ ಏಜೆಂಟ ಫಕ್ಕನೆ ನಕ್ಕ. ಶಿವಪುತ್ರಪ್ಪನ ಮುಖ ಕಂಡು ಆ ನಗುವನ್ನು ಅರ್ಧಕ್ಕೇ ಕೆಮ್ಮು ಮಾಡಿಕೊಂಡ. ಪಡಸಾಲೆಯಲ್ಲಿ ಹಾಸಿದ ಹಳೇ ಪೇಪರಿನ ಮೇಲೆ ಅವನು ತಂದ ಮೂರು ಕೀಲಿಗಳು ಸಾಲಾಗಿ ಕುಳಿತಿದ್ದವು. ಮೂರರಲ್ಲಿ ಒಂದಕ್ಕೂ ಕೀಲಿಕೈ ಹಾಕುವ ತೂತಿರಲಿಲ್ಲ. ಬಾಡಿಗೆ ಮನೆಗಳಿಗೆ ತಿರುವುವ ಕೀಲಿ ಇರಕೂಡದೆಂದು ಸರ್ಕಾರ ಕಾಯಿದೆ ಮಾಡಿ ಎರಡು ವರ್ಷವಾಗಿತ್ತು. ಗದಗದ ಪೇಟೆಯಲ್ಲಿ ಕೀಲಿಕೈ ಅರೆದು ಕೊಡುತ್ತಿದ್ದವರು ಮೊಬೈಲು ರಿಪೇರಿಗೆ ಇಳಿದಿದ್ದರು. ಇನ್ನೂ ಹಳೇ ಕೀಲಿ ನೇತುಬಿಟ್ಟವರಲ್ಲಿ ಶಿವಪುತ್ರಪ್ಪ ಕೊನೆಯವನು. ಅದೂ ತತ್ವಕ್ಕಲ್ಲ, ಜಿಪುಣತನಕ್ಕೆ.

ತಹಶೀಲ್ದಾರ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದದ ಮೇಲೆ ಕಾಗದ ಇಟ್ಟು ಹೆಡ್ ಕ್ಲಾರ್ಕಾಗಿ ನಿವೃತ್ತನಾದ ಮನುಷ್ಯ ಅವನು. ಮನುಷ್ಯರು ಅವನ ಕಣ್ಣಿಗೆ ಅರ್ಜಿಗಳ ಹಾಗೆ ಕಾಣುತ್ತಿದ್ದರು. ಕೆಲವರನ್ನು ಮಂಜೂರು ಮಾಡಬೇಕು, ಉಳಿದವರನ್ನು ದಾರ ಕಟ್ಟಿ ಕಪಾಟಿನಲ್ಲಿ ಇಡಬೇಕು. ಅವನ ಹೆಂಡತಿ ನಿಂಬೆವ್ವ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಬಾಯಿ ಜೋರು, ಸಿಟ್ಟು ಅದಕ್ಕಿಂತ ಜೋರು. ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇವರಿಬ್ಬರೇ. ಹಿತ್ತಲಿನ ಬಾಡಿಗೆ ಮನೆಯಲ್ಲಿ ಕಸ್ತೂರಿ. ನಲವತ್ತರ ಹೆಂಗಸು, ಗಂಡನನ್ನು ಬಿಟ್ಟು ಬಂದವಳು. ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ತನ್ನ ಪಾಡಿಗೆ ತಾನು ಬದುಕುತ್ತಿದ್ದವಳು. ದಿನಾ ಮಧ್ಯಾಹ್ನ ಎರಡು ತಾಸು ನಿಂಬೆವ್ವ ಆ ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿದ್ದರು ಎಂದೇನಲ್ಲ. ಆದರೆ ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ನಿಂಬೆವ್ವ ಹಲ್ಲು ಕಚ್ಚದೆ ಕೂರುತ್ತಿದ್ದ ಎರಡು ತಾಸು ಅವು. ಕಸ್ತೂರಿ ಆ ಮನೆ ಬಿಟ್ಟರೆ ಆ ಎರಡು ತಾಸೂ ಹೋದವು ಎಂದೇ ಅರ್ಥ. ಆದ್ದರಿಂದಲೇ ಒಂದು ಕೀಲಿಗಾಗಿ ಅಷ್ಟು ಜಗಳ.

"ಮೊದಲನೇದು ನೋಡ್ರಿ, ನಂಬರಿನ ಕೀಲಿ," ಎಂದ ಏಜೆಂಟ. "ನಾಕು ಅಂಕಿ ಒತ್ತಿದ್ರ ತಗೀತೈತ್ರಿ."

"ಇದ ಸಾಕು," ಎಂದಳು ನಿಂಬೆವ್ವ.

"ಸಾಕಾಗೂದಿಲ್ಲ," ಎಂದ ಶಿವಪುತ್ರಪ್ಪ. "ನಂಬರ ಅಂದ್ರ ಬಾಯಿಂದ ಬಾಯಿಗೆ ಹೋಗೂ ವಸ್ತು. ನಾಳೆ ಖಾನಾವಳಿ ಆಳಿಗೂ ಗೊತ್ತಿರತೈತಿ."

ಎರಡನೆಯದು ಬೆರಳಿನ ಕೀಲಿ. ಕಸ್ತೂರಿಯನ್ನು ಕರೆಸಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ತೋರುಬೆರಳು ಇಟ್ಟಳು. ಕೆಂಪು ದೀಪ ಹತ್ತಿತು. ನಡುಬೆರಳು, ಹೆಬ್ಬೆರಳು, ಎಡಗೈಯ ಐದು, ಎಲ್ಲಕ್ಕೂ ಕೆಂಪೇ. ಏಜೆಂಟ ತನ್ನ ಕರವಸ್ತ್ರದಿಂದ ಗಾಜು ಒರೆಸಿದ, ಆಮೇಲೆ ಟಾರ್ಚ್ ಹಾಕಿ ಅವಳ ಬೆರಳ ತುದಿ ನೋಡಿದ.

"ಅಮ್ಮಾರ, ನಿಮ್ಮ ಬೆರಳಿನ ಗೆರಿ ಎಲ್ಲಿ ಹೋದ್ವು?"

"ಹಂಚಿನ ಮ್ಯಾಲೆ ಹೋದ್ವೋ ತಮ್ಮಾ," ಎಂದಳು ಕಸ್ತೂರಿ. "ಹದಿನೆಂಟು ವರ್ಷ ಸುಡೂ ರೊಟ್ಟಿ ಎತ್ತಿದ್ರ ಇನ್ನ ಎಲ್ಲಿ ಉಳಿತಾವು?"

ಉಳಿದದ್ದು ಮೂರನೆಯದು. ಅಂಗೈ ಅಗಲದ ಕರೀ ಗಾಜು, ಅದರ ಮೇಲೆ ಸಣ್ಣ ಪರದೆ. ಏಜೆಂಟ ಅದನ್ನು ಕೂಸನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿದ.

"ಇದು ನಾಡಿ ಕೀಲಿರಿ. ಅಂಗೈ ಇಟ್ರ ಗಾಜಿನೊಳಗಿಂದ ಬೆಳಕು ಚರ್ಮದಾಗ ಇಳಿದು ರಕ್ತದ ಏರಿಳಿತ ನೋಡತೈತಿ. ಒಬ್ಬೊಬ್ಬರ ಎದಿ ಬಡಿಯೂ ಲಯ ಒಂದೊಂದು ನಮೂನಿ, ನಡಿಗಿ ಇದ್ದಂಗ. ಕಳ್ಳ ನಿಮ್ಮ ಕೈ ಕತ್ತರಿಸಿಕೊಂಡು ಬಂದ್ರೂ ತಗಿಯಂಗಿಲ್ಲ. ಕುತ್ತಿಗಿಗೆ ಚಾಕು ಹಿಡದು ನಿಮ್ಮನ್ನ ಕರಕೊಂಡು ಬಂದ್ರೂ ತಗಿಯಂಗಿಲ್ಲ. ಯಾಕಂದ್ರ ಹೆದರಿದವ್ರ ನಾಡಿ ಬ್ಯಾರೇನ ಓಡತೈತಿ, ಕೀಲಿಗೆ ತಿಳಿತೈತಿ. ಹುಬ್ಬಳ್ಳಿ ಕಂಟ್ರೋಲ್ ರೂಮಿಗೆ ಸುದ್ದಿ ಹೋಗತೈತಿ."

"ಹೆದರಿದವ್ರಿಗೆ ತಗಿಯೂದಿಲ್ಲ. ಸಿಟ್ಟ ಬಂದವ್ರಿಗೆ?" ಎಂದು ಕೇಳಿದಳು ನಿಂಬೆವ್ವ.

ಏಜೆಂಟ ಕತ್ತು ತುರಿಸಿಕೊಂಡ. "ಸಮಾಧಾನ ಆದಮ್ಯಾಲೆ ತಗೀತೈತ್ರಿ. ಒಂದು ನಮೂನಿ ಯೋಗ ಇದ್ದಂಗ."

"ಈ ಊರಾಗ ಸಿಟ್ಟಿಲ್ಲದ ಯಾರೋ ಮನಿಗೆ ಬರ್ತಾರ, ಹುಚ್ಚಪ್ಪಾ?"

ಆದರೆ ಶಿವಪುತ್ರಪ್ಪ ಆಗಲೇ ಗಾಜಿನ ಮೇಲೆ ಅಂಗೈ ಇಟ್ಟಾಗಿತ್ತು. ಪರದೆಯಲ್ಲಿ ಅರವತ್ತೆಂಟು ಎಂದು ಮೂಡಿತು. ಅದನ್ನು ಅವನು ಪರೀಕ್ಷೆಯ ಅಂಕದಂತೆ ಎರಡು ಸಲ ಓದಿದ. ಮುಂದಿನ ಬಾಗಿಲಿಗೂ ಒಂದು ಹಾಕಿಸಿದರೆ ಎರಡೂ ಬಾಗಿಲು ಸೇರಿ ಒಂದು ಘಟಕವಾಗುತ್ತವೆ, ಘಟಕಕ್ಕೆ ನೂರರಲ್ಲಿ ಇಷ್ಟು ಎಂದು 'ನೆಮ್ಮದಿ ಅಂಕ' ಬರುತ್ತದೆ, ಆ ಅಂಕ ಓಣಿಗೆ ಕಾಣುವಂತೆ ಮುಂಬಾಗಿಲ ಮೇಲೆ ಉರಿಯುತ್ತದೆ ಎಂದು ಕೇಳಿದ ಮೇಲಂತೂ ಅವನನ್ನು ಹಿಡಿಯುವವರಿರಲಿಲ್ಲ. ಎರಡನ್ನೂ ಕೂಡಿಸಿಬಿಟ್ಟ. ಜೀವನದಲ್ಲಿ ಮೊದಲ ಸಲ ಅವನಿಗೆ ಸರ್ಟಿಫಿಕೇಟು ಕೊಡುವ ಬಾಗಿಲು ಸಿಕ್ಕಿತ್ತು.

ಊರಿಗೆ ಊರೇ ಆ ಕೀಲಿಗೆ ಹೇಗೆ ಒಗ್ಗಿಕೊಂಡಿತು ಎಂಬುದನ್ನು ಕಣ್ಣಾರೆ ನೋಡಬೇಕಿತ್ತು. ಸಂಜೆ ಆರರ ಹೊತ್ತಿಗೆ ಓಣಿಯಲ್ಲಿ ನಡೆದರೆ ಮನೆಮನೆಯ ಮುಂದೆ ಒಬ್ಬೊಬ್ಬರು ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಹೊಸಬರು ಕಂಡರೆ ಜನವೆಲ್ಲ ಭಕ್ತಿಗೆ ಬಿದ್ದಿದ್ದಾರೆ ಎಂದುಕೊಳ್ಳಬೇಕು. ಭಕ್ತಿಯಲ್ಲ, ಬಾಗಿಲು. ಬಸ್ಸಿನಲ್ಲಿ ಸೀಟಿಗೆ ಜಗಳಾಡಿ ಬಂದವನು ಕಟ್ಟೆಯ ಮೇಲೆ ಕೂತು ಎದೆ ತಣ್ಣಗಾಗುವುದನ್ನು ಕಾಯಬೇಕು. ಆಡಿ ಓಡಿ ಬಂದ ಮಕ್ಕಳು ದಮ್ಮು ಆರುವವರೆಗೆ ನೀರಿಗೂ ಒಳಗೆ ಹೋಗುವಂತಿಲ್ಲ. ಔಷಧದ ಅಂಗಡಿಗಳಲ್ಲಿ ನಾಡಿ ತಗ್ಗಿಸುವ ಗುಳಿಗೆಗೆ 'ಬಾಗಲ ಗುಳಿಗಿ' ಎಂದೇ ಹೆಸರು ಬಿತ್ತು. ಮೂರನೆಯ ಮನೆಯ ಪರಿಗವ್ವ ಅಣ್ಣ ಸತ್ತ ಸುದ್ದಿ ಕೇಳಿ ಪೇಟೆಯಿಂದ ಓಡಿ ಬಂದಳು. ಕೀಲಿ ತೆರೆಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಕಣ್ಣೀರು ಬತ್ತುವವರೆಗೆ ಅತ್ತು, ಕಲ್ಲಿನಂತಾದ ಮೇಲೆ ಕೈ ಇಟ್ಟಳು. ಆಗ ತೆರೆಯಿತು. ಪರದೆಯ ಮೇಲೆ 'ಸಾಮಾನ್ಯ' ಎಂದು ಬಂತು.

ಅಷ್ಟಾದರೂ ಯಾರೊಬ್ಬರೂ ಕೀಲಿಯನ್ನು ಕಿತ್ತು ಎಸೆಯಲಿಲ್ಲ. ಕೀಲಿಯನ್ನು ಬೈಯಬೇಕಾದ ಜನ ತಮ್ಮ ತಮ್ಮ ಎದೆಯನ್ನು ಬೈದುಕೊಂಡರು. "ನಂದು ಎಂಬತ್ತೊಂದು, ನಿಂದು?" ಎಂದು ಚಹದಂಗಡಿಯಲ್ಲಿ ಕೇಳಿ ಉಬ್ಬಿದರು. ನಿಂಬೆವ್ವನಿಗೆ ಅವರ ಮುಖಕ್ಕೆ ಉಗಿಯಬೇಕು ಎನ್ನಿಸುತ್ತಿತ್ತು. ಮೊದಲ ಎರಡು ವಾರ ಅವಳ ಮನೆಯ ಮುಂಬಾಗಿಲೂ ಅವಳಿಗೆ ಎಷ್ಟೋ ಸಲ ತೆರೆಯದೆ ಸತಾಯಿಸಿತ್ತು. ಬಾಗಿಲಿಗೆ ಒದ್ದಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಸರಿಹೋಯಿತು, ಕೈ ಇಟ್ಟ ಕ್ಷಣಕ್ಕೆ ತೆರೆಯತೊಡಗಿತು. "ರಿಪೇರಿ ಮಾಡಿಸೇನಿ," ಎಂದಿದ್ದ ಗಂಡ. ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ರಿಪೇರಿಯಾಗದೆ ಉಳಿದದ್ದು ಹಿತ್ತಲ ಬಾಗಿಲು.

ಕಸ್ತೂರಿಯ ಕೆಲಸವನ್ನು ಒಮ್ಮೆಯಾದರೂ ನೋಡಿದವರಿಗೆ ಕಾರಣ ತಿಳಿಯುತ್ತಿತ್ತು. ನಸುಕಿಗೆ ಎದ್ದು, ಕಟ್ಟಿಗೆಯ ಕೊಮ್ಮಣಿಗೆಯಲ್ಲಿ ಹಿಟ್ಟು ನಾದಿ, ಎಂಟು ಗಂಟೆಯೊಳಗೆ ಇನ್ನೂರು ರೊಟ್ಟಿ ಬಡಿಯಬೇಕು. ಎರಡೂ ತೋಳು ಒಂದೇ ಸಮನೆ ಎದ್ದು ಬೀಳಬೇಕು, ಮುಖಕ್ಕೆ ಬೆಂಕಿಯ ಝಳ ಹೊಡೆಯುತ್ತಿರಬೇಕು. ಕುದುರೆ ಓಡಿದಂತೆ ಎದೆ ಓಡುತ್ತದೆ, ಅಂಗೈ ಕೆಂಡದಂತೆ ಕೆಂಪಾಗಿರುತ್ತದೆ. ಖಾನಾವಳಿಯ ಗಾಡಿ ಬಂದು ಹಾರ್ನ್ ಹೊಡೆದಾಗ ಅವಳು ರೊಟ್ಟಿಯ ಗಂಟು ಹೊತ್ತು ಹೊರಗೆ ಬರುತ್ತಾಳೆ. ಬೆನ್ನ ಹಿಂದೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಅದೂ ಆ ಕೀಲಿಯ ದೊಡ್ಡಸ್ತಿಕೆಗಳಲ್ಲಿ ಒಂದು.

ಆವತ್ತು ಬೆಳಿಗ್ಗೆ ಹಿತ್ತಲಿನಿಂದ ಕಸ್ತೂರಿಯ ಕೂಗು ಕೇಳಿ ನಿಂಬೆವ್ವ ಓಡಿ ಬಂದಾಗ ಕಿಟಕಿಯಿಂದ ಹೊಗೆ ಬರುತ್ತಿತ್ತು. ಕಸ್ತೂರಿ ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು. ಕೀಲಿಯೊಳಗಿಂದ ಒಂದು ಹೆಣ್ಣುದನಿ, ಬೆಣ್ಣೆ ಹಚ್ಚಿದಂಥದ್ದು, ಮಾತಾಡುತ್ತಿತ್ತು.

"ನಮಸ್ಕಾರ. ನಿಮ್ಮ ನಾಡಿಯಲ್ಲಿ ಏರುಪೇರು ಕಂಡುಬಂದಿದೆ. ನೀವು ಅಪಾಯದಲ್ಲಿದ್ದೀರಾ?"

"ಇಲ್ಲವ್ವಾ, ನಾ ಚಲೋ ಅದೇನಿ! ಹಂಚಿನ ಮ್ಯಾಲೆ ರೊಟ್ಟಿ ಐತಿ, ಬಾಗಲಾ ತಗಿಯವ್ವಾ!"

"ನಿಮ್ಮ ಧ್ವನಿಯಲ್ಲಿ ಆತಂಕವಿದೆ. ದಯವಿಟ್ಟು ದೀರ್ಘವಾಗಿ ಉಸಿರಾಡಿ."

"ಉಸಿರಾಡತಾಳ ನಿಮ್ಮಜ್ಜಿ!" ಎಂದು ನಿಂಬೆವ್ವ ಕೀಲಿಗೆ ಬಾಯಿ ಹಚ್ಚಿ ಅರಚಿದಳು. "ಒಳಗ ಬೆಂಕಿ ಐತಿ, ತಗೀತೀಯೋ ಒಡೀಲೋ?"

ಆ ದನಿ ಮತ್ತಷ್ಟು ಮೆತ್ತಗಾಯಿತು. "ನಿಮ್ಮ ಪಕ್ಕದಲ್ಲಿ ಯಾರೋ ನಿಮ್ಮನ್ನು ಬೆದರಿಸುತ್ತಿರುವಂತಿದೆ. ಹೆದರಬೇಡಿ. ಪೊಲೀಸರಿಗೆ ತಿಳಿಸಲಾಗಿದೆ."

ಇಬ್ಬರು ಪೇದೆಗಳು ಬಂದರು. ಬೆದರಿಸುವವನನ್ನು ಹುಡುಕಿ ಹಿತ್ತಲೆಲ್ಲ ಸುತ್ತಿದರು, ಬಚ್ಚಲಿನಲ್ಲಿ ಇಣುಕಿದರು. ಕಸ್ತೂರಿ ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು, ಇಪ್ಪತ್ತು ನಿಮಿಷ ಕೂತು, ಮೈಯೆಲ್ಲ ತಣ್ಣಗೆ ಮಾಡಿಕೊಂಡ ಮೇಲೆ ಕೀಲಿ ತೆರೆಯಿತು. ಒಳಗೆ ಹಂಚಿನ ಮೇಲೆ ರೊಟ್ಟಿ ಇದ್ದಿಲಾಗಿತ್ತು. ಹಂಚಿನ ಪಕ್ಕದಲ್ಲಿ ಕೈ ಒರೆಸುವ ಅರಿವೆ ಹೊತ್ತಿ ಗೋಡೆ ಕಪ್ಪಾಗಿತ್ತು.

ತಿಂಗಳಲ್ಲಿ ಒಂಬತ್ತು ಸಲ ಹೀಗಾಯಿತು. ಬಾಗಿಲಿಗೆ ಕಲ್ಲು ಇಟ್ಟು ನೋಡಿದಳು. 'ಬಾಗಿಲು ತೆರೆದಿದೆ' ಎಂದು ಕೀಲಿ ಅದಕ್ಕೂ ಅಂಕ ಕಳೆಯಿತು. ಬಾಗಲ ಗುಳಿಗಿ ನುಂಗಿ ನೋಡಿದಳು. ಕಣ್ಣು ಕತ್ತಲೆ ಬಂದು ಕೊಮ್ಮಣಿಗೆಯ ಮೇಲೆ ಬಿದ್ದಳು. ಮುಂಬಾಗಿಲ ಮೇಲೆ ಉರಿಯುತ್ತಿದ್ದ ಅಂಕ ಎಪ್ಪತ್ತರಿಂದ ಮೂವತ್ತೊಂದಕ್ಕೆ ಇಳಿಯಿತು. ಶಿವಪುತ್ರಪ್ಪ ಓಣಿಯಲ್ಲಿ ತಲೆ ತಗ್ಗಿಸಿ ನಡೆಯತೊಡಗಿದ. ಹೊಟ್ಟೆಗೆ ರೊಟ್ಟಿ ಇಲ್ಲದವನು ತಗ್ಗಿಸುವುದಕ್ಕಿಂತ ಹೆಚ್ಚು ತಗ್ಗಿಸಿದ.

ಒಂದು ಶುಕ್ರವಾರ ಅವನು ಪಡಸಾಲೆಯಲ್ಲಿ ಕೂತು ನೋಟೀಸು ಬರೆದು, ಹೆಂಡತಿಗೆ ಕೇಳುವಂತೆ ಓದಿದ. "ಸದರಿ ಬಾಡಿಗೆದಾರಳ ನಾಡಿಯಲ್ಲಿ ಪದೇ ಪದೇ ಅಶಾಂತಿ ಕಂಡುಬಂದು ಘಟಕದ ನೆಮ್ಮದಿಗೆ ಧಕ್ಕೆಯಾಗಿರುವುದರಿಂದ, ಸೋಮವಾರದ ಒಳಗಾಗಿ ಸದರಿಯವಳು ಮನೆಯನ್ನು ತೆರವುಗೊಳಿಸತಕ್ಕದ್ದು."

"ರೊಟ್ಟಿ ಬಡದ್ರ ಎದಿ ಬಡೀತೈತಿ," ಎಂದಳು ನಿಂಬೆವ್ವ. "ನೀವು ಕುರ್ಚಿ ಮ್ಯಾಲೆ ಕುಂತು ಜೀವನಾ ಮಾಡಿದೋರು. ನಿಮಗ ಹೆಂಗ ತಿಳಿಬೇಕು?"

"ಕಾಯಿದೆ ಐತಿ. ತಿಂಗಳಿಗೆ ಮೂರು ಸಲ ಕೆಂಪು ದೀಪ ಹತ್ತಿದ್ರ ಕರಾರು ಮುಗಿಯೂತನಕ ಕಾಯೂ ಕಾರಣಿಲ್ಲ."

"ಕೆಂಪು ಹತ್ತದಂಗ ಮಾಡಾಕ ದಾರಿ ಇಲ್ಲೇನು?"

"ಇಲ್ಲ," ಎಂದ. ಹಾಗೆನ್ನುವಾಗ ಅವನು ಕಾಗದದಿಂದ ಕಣ್ಣೆತ್ತಲಿಲ್ಲ. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದವಳಿಗೆ ಅದು ಸಾಕಾಗಿತ್ತು. ದಾರಿ ಇದೆ ಎಂದು ನಿಂಬೆವ್ವನಿಗೆ ಖಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದಳು. ಕಂಪನಿಯ ಕಟ್ಟಡ ಊರ ಹೊರಗೆ, ಗಾಜಿನ ಪೆಟ್ಟಿಗೆಯಂತೆ ನಿಂತಿತ್ತು. ದೊಡ್ಡ ಬಾಗಿಲಿಗೆ ಅದೇ ಕರೀ ಗಾಜು. ಬಂದವರೆಲ್ಲ ಕೈ ಇಟ್ಟು ಒಳಗೆ ಹೋಗಬೇಕು. ನಿಂಬೆವ್ವ ಮೂರು ಸಲ ಇಟ್ಟಳು, ಮೂರು ಸಲವೂ ಕೆಂಪು. ಕಾವಲುಗಾರ ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಸಿಟ್ಟಿನ್ಯಾಗ ಬಂದೀಯೇನವಾ?" ಎಂದ.

"ಮತ್ತೇನು ಸಂತೋಷಕ್ಕ ಬರಲ್ಯಾ?"

"ಹಿಂದ ಬಾ ಹಂಗಾದ್ರ."

ಹಿಂದೆ ಒಂದು ಸಾದಾ ಕಬ್ಬಿಣದ ಬಾಗಿಲಿತ್ತು. ಮುಚ್ಚದಂತೆ ಅದಕ್ಕೆ ಇಟ್ಟಂಗಿ ಇಟ್ಟಿದ್ದರು. "ಒಳಗ ಕೆಲಸಾ ಮಾಡೋರೆಲ್ಲ ಇಲ್ಲಿಂದನ ಓಡಾಡೂದು," ಎಂದ ಮುದುಕ. "ಕೆಲಸದ ಗಡಿಬಿಡ್ಯಾಗ ಅವ್ರಿಗೂ ತಗಿಯೂದಿಲ್ಲದು." ನಿಂಬೆವ್ವ ಆ ಇಟ್ಟಂಗಿಯನ್ನು ಎರಡು ಗಳಿಗೆ ನಿಂತು ನೋಡಿದಳು. ಊರೂರಿಗೆಲ್ಲ ಈ ಕೀಲಿ ಮಾರಿದ ಜಾಣರು ತಮಗಾಗಿ ಒಂದು ಇಟ್ಟಂಗಿ ಇಟ್ಟುಕೊಂಡಿದ್ದರು.

ಕಂಟ್ರೋಲ್ ರೂಮಿನಲ್ಲಿ ಗೋಡೆಗೆ ಗೋಡೆಯೇ ಸಣ್ಣ ದೀಪಗಳು. ಒಂದೊಂದು ದೀಪ ಒಂದೊಂದು ಬಾಗಿಲು ಎಂದು ಅಲ್ಲಿಯ ಎಂಜಿನಿಯರಳು ತಿಳಿಸಿದಳು. ಸುಮೇಧಾ ಎಂದು ಹೆಸರು, ಮೂವತ್ತರ ಧಾರವಾಡದ ಹುಡುಗಿ, ಕಣ್ಣ ಕೆಳಗೆ ಕಪ್ಪು. ನಿಂಬೆವ್ವ ಬೈದದ್ದನ್ನೆಲ್ಲ ಅವಳು ಕೈ ಕಟ್ಟಿ ಕೇಳಿಸಿಕೊಂಡಳು. ಬೈಗುಳಕ್ಕೆ ಉಸಿರು ಸಾಲದೆ ನಿಂಬೆವ್ವ ನಿಂತಾಗ ಮೆಲ್ಲಗೆ ಹೇಳಿದಳು:

"ನೀವು ಹೇಳೂದು ಖರೇ ಅದರಿ. ರೊಟ್ಟಿ ಬಡಿಯೂ ನಾಡಿ, ಓಡಿ ಬಂದ ನಾಡಿ, ಅತ್ತ ನಾಡಿ, ಇವನ್ನೆಲ್ಲಾ ಈ ಯಂತ್ರ ಹೆದರಿಕೀನ ಅಂತ ಓದ್ತದ. ಇದಕ್ಕ ಕಲಿಸಿದ ನಾಡಿಗಳೆಲ್ಲಾ ಆಫೀಸಿನ್ಯಾಗ ಕೂತವರವು. ಅದಕ್ಕಂತ ನಾವು ಸಡಿಲಿಕೆ ಅಂತ ಇಟ್ಟೀವಿ. ಸಡಿಲಿಕೆ ಕೊಟ್ಟ ಕೈಗೆ ನಾಡಿ ಹೆಂಗ ಓಡಿದ್ರೂ ಕೀಲಿ ತಗೀತದ, ಕೆಂಪು ಹತ್ತೂದಿಲ್ಲ."

"ಹಂಗಾದ್ರ ಕಸ್ತೂರಿ ಕೈಗೆ ಕೊಟ್ಟು ಬಿಡ."

"ಒಂದು ಘಟಕಕ್ಕ ಒಂದೇ ಸಡಿಲಿಕೆರಿ. ನಿಮ್ಮ ಘಟಕದ್ದು ಆಗಲೇ ಖರ್ಚಾಗೇದ."

"ಯಾರ ಕೈಗೆ?"

ಸುಮೇಧಾ ಪರದೆ ನೋಡಿದಳು. ಆಮೇಲೆ ನಿಂಬೆವ್ವನ ಮುಖ ನೋಡಿದಳು. "ನಿಮ್ಮ ಕೈಗೆ."

ನಿಂಬೆವ್ವ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಸುಮೇಧಾ ಒಂದು ಕುರ್ಚಿ ಎಳೆದು ಕೊಟ್ಟು, ಪರದೆಯನ್ನು ಅವಳ ಕಡೆ ತಿರುಗಿಸಿದಳು. ಎರಡು ಗೆರೆಗಳಿದ್ದವು. ಕೆಳಗಿನದು ಸಪಾಟಾಗಿ, ಮಳೆಗಾಲ ಮುಗಿದ ಹೊಲದ ಬದುವಿನಂತೆ ಹೋಗಿತ್ತು. ಮೇಲಿನದು ಗರಗಸದ ಹಲ್ಲು.

"ಕೆಳಗಿನ ಗೆರಿ ನೀವು ಒಳಗಿನ ಹಿಡಿಕಿ ಹಿಡದು ಮನಿಯಿಂದ ಹೊರಗ ಹೋಗೂ ಮುಂದಿನ ನಾಡಿ. ಎಪ್ಪತ್ನಾಕು, ಎಪ್ಪತ್ತಾರು. ಮ್ಯಾಲಿನದು ನೀವು ಒಳಗ ಬರೂ ಮುಂದಿನದು. ನೂರಾ ಹದಿನೆಂಟು, ನೂರಾ ಇಪ್ಪತ್ತು. ದಿನಾ ಹಂಗ ಅದ. ಸಂತಿಗೆ ಹೋಗಿ ಬಂದ್ರೂ ಅಷ್ಟ, ಬರೇ ಬಾಗಲದಾಗ ಕಸಾ ಚೆಲ್ಲಿ ಬಂದ್ರೂ ಅಷ್ಟ. ಮೊದಲಿನ ಎರಡು ವಾರ ಕೀಲಿ ನಿಮ್ಮನ್ನ ಹದಿನಾಕು ಸಲ ಒಳಗ ಬಿಟ್ಟಿಲ್ಲ. ಯಾರೋ ನಿಮ್ಮನ್ನ ಬಲವಂತದಿಂದ ಒಳಗ ನೂಕಲಿಕ್ಕತ್ಯಾರ ಅಂತ ಅದರ ಲೆಕ್ಕ."

"ಮುಂದ?"

"ಮಾಲಕರಿಗೆ ಸಂದೇಶ ಹೋಗ್ತದ. 'ಈ ಕೈಯವರು ಮನೆಯೊಳಗೆ ಬರಲು ಹೆದರುತ್ತಿದ್ದಾರೆ, ದಯವಿಟ್ಟು ವಿಚಾರಿಸಿ' ಅಂತ. ನಿಮ್ಮ ಮನಿಗೆ ಹದಿನಾಕು ಸಂದೇಶ ಹೋಗ್ಯಾವ."

"ಯಾರಿಗೆ ಹೆದರತಾಳಂತ ತಕರಾರೋ ಅವನ ಕೈಗೇ ತಕರಾರು ಕೊಡೂದು. ಭಾಳ ಶಾಣ್ಯಾರದೀರಿ ನೀವು!"

ಸುಮೇಧಾ ತಲೆ ತಗ್ಗಿಸಿದಳು. "ಅವರು ಉತ್ತರಾನೂ ಬರದಾರ. ಓದಲ್ಯಾ?"

"ಕೊಡು ಇಲ್ಲೆ. ನನಗೂ ಓದಾಕ ಬರತೈತಿ."

ಪರದೆಯ ಮೇಲಿನ ಅಕ್ಷರಗಳನ್ನು ನಿಂಬೆವ್ವ ಒಂದೊಂದಾಗಿ ಓದಿದಳು. 'ಸದರಿ ಕೈಯು ನನ್ನ ಧರ್ಮಪತ್ನಿಯದಾಗಿರುತ್ತದೆ. ಸದರಿಯವಳ ಸ್ವಭಾವವೇ ಹೀಗಿರುವುದರಿಂದ ವಿಚಾರಣೆಯ ಅವಶ್ಯಕತೆ ಇರುವುದಿಲ್ಲ. ನಾಡಿ ಹೇಗಿದ್ದಾಗ್ಯೂ ಒಳಗೆ ಬಿಡತಕ್ಕದ್ದು.'

ಎರಡನೆಯ ಸಲ ಓದಿದಳು. ಅವಳು ಹೆದರಿದವಳಲ್ಲ. ಆ ಮನುಷ್ಯನಿಗೆ ಹೆದರುವಷ್ಟು ಮರ್ಯಾದೆಯನ್ನು ಅವಳು ಯಾವತ್ತೂ ಕೊಟ್ಟಿರಲಿಲ್ಲ. ಅವನ ಊಟದ ಸದ್ದು, ಅವನ ಚಪ್ಪಲಿಯ ಸದ್ದು, ಪ್ರತಿ ಮಾತಿಗೂ 'ಇಲ್ಲ' ಎನ್ನುವ ಆ ಗಂಟಲು, ಇವುಗಳಿಗೆ ಅವಳಿಗೆ ಬರುತ್ತಿದ್ದದ್ದು ಬರೀ ಹೇಸಿಗೆ. ಯಂತ್ರಕ್ಕೆ ಹೆದರಿಕೆಗೂ ಹೇಸಿಗೆಗೂ ಇರುವ ವ್ಯತ್ಯಾಸ ತಿಳಿದಿರಲಿಲ್ಲ. ಆದರೆ ಏನೋ ಒಂದು ಸರಿಯಿಲ್ಲ ಎಂದಾದರೂ ತಿಳಿದು, ಹದಿನಾಲ್ಕು ಸಲ ಕೂಗಿ ಹೇಳಿತ್ತು. ಮೂವತ್ತೊಂದು ವರ್ಷದಲ್ಲಿ ಇನ್ಯಾರೂ ಅಷ್ಟು ಮಾಡಿರಲಿಲ್ಲ. ಅವಳ ತವರಿನವರೂ ಮಾಡಿರಲಿಲ್ಲ. ಅವಳು ಸ್ವತಃ ಮಾಡಿಕೊಂಡಿರಲಿಲ್ಲ. ದಿನಾ ಹಲ್ಲು ಕಚ್ಚಿ ಒಳಗೆ ಹೋಗುವುದಕ್ಕೇ ಸಂಸಾರ ಎನ್ನುತ್ತಾರೆ ಎಂದುಕೊಂಡಿದ್ದಳು. ಬಾಗಿಲ ಮುಂದೆ ಕಣ್ಣು ಮುಚ್ಚಿ ನಿಲ್ಲುವ ಜನರನ್ನು ನೋಡಿ ನಕ್ಕವಳು ಅವರಿಗಿಂತ ಏನೂ ಕಡಿಮೆ ಮೂರ್ಖಳಾಗಿರಲಿಲ್ಲ.

"ನನ್ನಂಥವು ಎಷ್ಟದಾವು ಈ ಗ್ವಾಡಿ ಮ್ಯಾಲೆ?"

"ಭಾಳ ಅವರಿ," ಎಂದಳು ಸುಮೇಧಾ. "ಎಣಿಸಬ್ಯಾಡ್ರಿ ಅಂತ ಸಾಹೇಬರು ಹೇಳ್ಯಾರ."

"ನನ್ನ ಸಡಿಲಿಕಿ ಬಿಟ್ಟುಕೊಟ್ರ ಅದು ಕಸ್ತೂರಿಗೆ ಹೋಗತೈತೇನು? ಅದಕ್ಕೂ ಅವರನ್ನ ಕೇಳಬೇಕೋ?"

"ಬಿಟ್ಟುಕೊಡೂದು ನಿಮ್ಮ ಕೈಯಾಗ ಅದ. ಅದೇ ಘಟಕದ ಇನ್ನೊಂದು ಕೈಗೆ ಕೊಡಬಹುದು. ಹಳೇ ಕೆಂಪೂ ಅಳಸತಾವ, ಯಾಕಂದ್ರ ಅದು ಯಂತ್ರದ ತಪ್ಪು ಅಂತ ನಾ ಬರಿತೀನಿ. ನೋಟೀಸು ರದ್ದಾಗ್ತದ. ಕರಾರು ಮುಗಿಯೂತನಕ ಅವರನ್ನ ಯಾರೂ ಎಬ್ಬಸಲಿಕ್ಕೆ ಬರೂದಿಲ್ಲ." ಸುಮೇಧಾ ಗರಗಸದಂಥ ಗೆರೆಯತ್ತ ಬೆರಳು ತೋರಿದಳು. "ಆದ್ರ ಅಮ್ಮಾರ, ಆಮ್ಯಾಲೆ ನಿಮಗ ನಿಮ್ಮ ಬಾಗಲಾ ತಗಿಯೂದಿಲ್ಲ. ವಿಚಾರ ಮಾಡ್ರಿ."

"ಮೂವತ್ತೊಂದು ವರ್ಷ ವಿಚಾರ ಮಾಡೇನಿ. ಗಾಜು ಎಲ್ಲೈತಿ ತೋರಸು."

ಕೈ ಇಟ್ಟಳು. ಹಸಿರು ಬೆಳಕು ಒಮ್ಮೆ ಹತ್ತಿ ಆರಿತು.

ಗದಗಕ್ಕೆ ಮರಳಿದಾಗ ಸಂಜೆ ಐದು. ನಿಂಬೆವ್ವ ಮೊದಲು ಹಿತ್ತಲಿಗೆ ಹೋದಳು. ಕಸ್ತೂರಿ ಹಿಟ್ಟು ನಾದುತ್ತಿದ್ದವಳು ಹಾಗೆಯೇ ಎದ್ದು ಬಂದಳು. ಓಣಿಯ ತುದಿಯವರೆಗೆ ಓಡಿ ಬಾ ಎಂದು ಅವಳನ್ನು ಕಳಿಸಿ, ಏದುಸಿರಿನಲ್ಲೇ ಕೈ ಇಡಿಸಿದಳು. ಬಾಗಿಲು ತೆರೆಯಿತು. ಕಸ್ತೂರಿ ಆ ಬಾಗಿಲನ್ನು ಹತ್ತು ಸಲ ಮುಚ್ಚಿ ತೆರೆದು ನೋಡಿದಳು, ನಕ್ಕಳು, ಆಮೇಲೆ ವಿಷಯ ಕೇಳಿ ನಗು ನಿಲ್ಲಿಸಿದಳು.

"ಅಕ್ಕಾ, ಇದೇನ ಮಾಡಿಕೊಂಡಿ? ನನ್ನ ಸಲುವಾಗಿ..."

"ನಿನ್ನ ಸಲುವಾಗಿ ಅರ್ಧ. ಉಳಿದರ್ಧ ನಂದು."

"ಇಲ್ಲೇ ಇರ ನನ್ನ ಕೂಡ."

"ಇದೂ ಅವರ ಮನಿನ. ಖಾನಾವಳಿ ಸಂಗಮ್ಮಗ ಅಡಗಿಗೆ ಒಂದು ಕೈ ಬೇಕಂತ ನೀನ ಹೇಳಿದ್ದಿಯಲ್ಲಾ? ಮ್ಯಾಲೊಂದು ಖೋಲಿ ಐತೆಂದಿದ್ದಿ. ನಿನ್ನ ರೊಟ್ಟಿ ದಿನಾ ಅಲ್ಲಿಗೇ ಬರತಾವು."

ಆಮೇಲೆ ಮುಂಬಾಗಿಲಿಗೆ ಬಂದಳು. ತೆರೆಯುವುದಿಲ್ಲ ಎಂದು ತಿಳಿದೇ, ಗಂಡನನ್ನು ಕೂಗುವ ಮೊದಲು, ಅಂಗೈ ಇಟ್ಟಳು. ಪರದೆಯಲ್ಲಿ ಎಪ್ಪತ್ತೈದು ಎಂದು ಮೂಡಿತು. ಬಾಗಿಲು ತಾನೇ ತೆರೆಯಿತು. ಸಡಿಲಿಕೆಯಿಂದಲ್ಲ, ಅವಳ ನಾಡಿಯಿಂದ.

ಶಿವಪುತ್ರಪ್ಪ ಫೋನು ಹಿಡಿದು ಪಡಸಾಲೆಯಲ್ಲಿ ಶತಪಥ ತಿರುಗುತ್ತಿದ್ದ. "ಅಂಕ ಎಂಬತ್ತೆರಡಾತು! ಆದ್ರ ಹಿತ್ತಲಬಾಗಲಕ್ಕ ಸಡಿಲಿಕಿ ಕೊಟ್ಟೇವಂತ ಕಂಪನಿಯವ್ರು ಬರದಾರ. ಯಾರನ್ನ ಕೇಳಿ ಕೊಟ್ರು?"

"ನನ್ನನ್ನ ಕೇಳಿ."

"ನೀ ಯಾವಾಕಿ ಅದನ್ನ ಕೊಡಾಕ?"

"ಸದರಿ ಕೈಯಿನಾಕಿ," ಎಂದಳು ನಿಂಬೆವ್ವ.

ಅದು ತನ್ನದೇ ಪತ್ರದ ಮಾತು ಎಂದು ತಿಳಿದು ಅವನು ಫೋನನ್ನು ಜೇಬಿಗೆ ತುರುಕಿದ. ಅವಳು ಒಳಗೆ ಹೋಗಿ ಕಪಾಟಿನಿಂದ ನಾಲ್ಕು ಸೀರೆ ತೆಗೆದು ಚೀಲಕ್ಕೆ ಹಾಕಿದಳು. ಅವನು ಹೊಸ್ತಿಲಲ್ಲಿ ಬಂದು ನಿಂತ.

"ಹದಿನಾಕು ಸಂದೇಶ ಬಂದಿದ್ದವಲ್ರಿ ನಿಮಗ. ಒಂದನ್ನಾರ ನನಗ ತೋರಸಬೇಕಿತ್ತು."

"ತೋರಿಸಿ ಏನ ಮಾಡೂದಿತ್ತು? ನೀ ಮೊದಲಿಂದ ಹಿಂಗ ಇದ್ದಾಕಿ."

"ಹೌದು. ಮೊದಲಿಂದ. ಈ ಮನಿಗೆ ಬಂದ ಮೊದಲನೇ ದಿವಸದಿಂದ."

"ಸಡಿಲಿಕಿ ಕಳಕೊಂಡು ಕುಂತಿ. ನಾಳೆ ಒಳಗ ಹೆಂಗ ಬರಾಕಿ ನೀನು?" ಅವನ ದನಿಯಲ್ಲಿ ಗೆಲುವಿತ್ತು, ನಿಯಮ ಬಿಟ್ಟು ಬಂದ ಅರ್ಜಿಯೊಂದು ಕೈಗೆ ಸಿಕ್ಕವನ ಗೆಲುವು. "ಬಾಗಲದಾಗ ನಿಂತು ನನ್ನನ್ನ ಕೂಗಬೇಕು. ನಾ ತಗದ್ರ ಉಂಟು."

ನಿಂಬೆವ್ವ ಅವನನ್ನು ಒಮ್ಮೆ ನೋಡಿದಳು. ಬೈಯಲು ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಒಂದನ್ನೂ ಅವನ ಮೇಲೆ ಖರ್ಚು ಮಾಡಬೇಕು ಅನ್ನಿಸಲಿಲ್ಲ.

"ಸರೀರಿ ಆ ಕಡೆ," ಎಂದಳು.

ಅವನು ಸರಿದ. ಅವಳು ಚೀಲ ಹೆಗಲಿಗೆ ಏರಿಸಿ, ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿದು ಓಣಿಗೆ ಬಂದಳು. ಬಾಗಿಲ ಮುಂದೆ ಕಣ್ಣು ಮುಚ್ಚಿ ನಿಂತಿದ್ದ ಎದುರು ಮನೆಯವನು ಸದ್ದಿಗೆ ಕಣ್ಣು ಬಿಟ್ಟು ನೋಡಿದ. ಅವನಿಗೆ ಕೇಳುವಂತೆ ಶಿವಪುತ್ರಪ್ಪ ಗಟ್ಟಿಯಾಗಿ ಹೇಳಿದ: "ಸಿಟ್ಟ ಇಳದ ಮ್ಯಾಲೆ ಬರತಾಳ, ತಗೋ."

ಸಿಟ್ಟು ಆಗಲೇ ಇಳಿದಿತ್ತು. ನಿಂಬೆವ್ವ ಓಣಿಯ ತಿರುವು ದಾಟಿ ಪೇಟೆಯ ಕಡೆ ನಡೆದಳು. ಮತ್ತೆ ಆ ಮನೆಗೆ ಬರಲಿಲ್ಲ.